ಪೇಟೆ, ದಂಡು ಮತ್ತು ಪೌರಸಭೆ

ಬೆಂಗಳೂರಿನ ಪೌರಾಡಳಿತದ ಚರಿತ್ರೆಯನ್ನು 1862ರಿಂದ ಆರಂಭಿಸುವುದು ವಾಡಿಕೆ. ಆ ವರ್ಷದ ಮಾರ್ಚ್ 27ರಂದು ಪೇಟೆಯ ಒಂಬತ್ತು ಮಂದಿ ಪ್ರಮುಖರು 1850ರ ಪಟ್ಟಣ ಸುಧಾರಣಾ ಕಾಯಿದೆಯ ಅಡಿಯಲ್ಲಿ ಒಂದು ಪೌರಮಂಡಳಿಯನ್ನು ರಚಿಸಿಕೊಂಡರು. ಬ್ರಿಟಿಷ್ ಸೈನ್ಯದ ನೆಲೆಯಾಗಿದ್ದ ದಂಡಿನಲ್ಲೂ ಅದೇ ವರ್ಷ ಅಂಥದೇ ಇನ್ನೊಂದು ಮಂಡಳಿ ಹುಟ್ಟಿತು. ಆದರೆ ಆ ಒಂಬತ್ತು ಮಂದಿಗೆ ಊರಿನ ಪರವಾಗಿ ಮಾತನಾಡುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದರೆ ಕಥೆ ಮೂರು ಶತಮಾನ ಹಿಂದಕ್ಕೆ ಹೋಗುತ್ತದೆ. ಅವರ ಮಂಡಳಿಗೆ ನಿಜವಾಗಿ ಯಾವ ಅಧಿಕಾರವಿತ್ತು ಎಂದು ಕೇಳಿದರೆ ಅದು ಇಂದಿನವರೆಗೂ ಬಂದು ಮುಟ್ಟುತ್ತದೆ. ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು. ಊರು ಹಿಗ್ಗಿದಾಗಲೆಲ್ಲ ನೀರಿನ ಮೇಲಿನ ಮತ್ತು ನೆಲದ ಮೇಲಿನ ಅಧಿಕಾರ ಸರ್ಕಾರದ ಕೈಗೋ ಸರ್ಕಾರ ನೇಮಿಸಿದ ಮಂಡಳಿಗಳ ಕೈಗೋ ಸೇರಿತು. ಬೀದಿದೀಪ, ಚರಂಡಿ, ಕಸ, ಸಂತೆ ಇವು ಪೌರಸಭೆಯ ಪಾಲಿಗೆ ಉಳಿದವು. ಬೆಂಗಳೂರಿನ ನಾಗರಿಕ ನಾಯಕತ್ವದ ಹಿರಿಮೆಯನ್ನೂ ಮಿತಿಯನ್ನೂ ಈ ಹಂಚಿಕೆಯ ಹಿನ್ನೆಲೆಯಲ್ಲಿಯೇ ಅರಿಯಬೇಕಾಗುತ್ತದೆ.

1537ರಲ್ಲಿ ಯಲಹಂಕದ ಪ್ರಭು ಕೆಂಪೇಗೌಡ ಕಟ್ಟಿಸಿದ ಮಣ್ಣಿನ ಕೋಟೆಯೊಳಗಿನ ಪೇಟೆ, ಕಸುಬುಗಳ ಮೇಲೆ ವಿಂಗಡಣೆಗೊಂಡ ಊರಾಗಿತ್ತು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತರಗುಪೇಟೆ ಮೊದಲಾದವುಗಳಲ್ಲಿ ಆಯಾ ಸರಕಿನ ವ್ಯಾಪಾರಿಗಳೋ ಆಯಾ ಕಸುಬಿನ ಕುಲದವರೋ ನೆಲೆಸಿದ್ದು, ಪ್ರತಿಯೊಂದು ಕುಲಕ್ಕೂ ಒಬ್ಬ ಯಜಮಾನನಿರುತ್ತಿದ್ದನು. ಕುಲದೊಳಗಿನ ವ್ಯಾಜ್ಯ ತೀರಿಸುವುದು, ತಪ್ಪು ಮಾಡಿದವರಿಗೆ ದಂಡ ಹಾಕುವುದು, ದೇವರ ಉತ್ಸವಕ್ಕೆ ವಂತಿಗೆ ಎತ್ತುವುದು, ಅರಮನೆಗೆ ಸಲ್ಲಬೇಕಾದ ತೆರಿಗೆಯನ್ನು ಮನೆಮನೆಗೆ ಹಂಚುವುದು ಯಜಮಾನನ ಕೆಲಸಗಳಾಗಿದ್ದವು. ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ಬೀಳುತ್ತಿದ್ದ ಮೊಹತರ್ಫಾ ಎಂಬ ತೆರಿಗೆ ಇಂಥ ಹಂಚಿಕೆಯ ಮೂಲಕವೇ ವಸೂಲಾಗುತ್ತಿತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ಕುಲಗಳು ಬಲಗೈ ಮತ್ತು ಎಡಗೈ ಎಂಬ ಎರಡು ಪಂಗಡಗಳಾಗಿ ಒಡೆದಿದ್ದುದನ್ನು ದಾಖಲಿಸಿದ್ದಾನೆ. ಬಣಜಿಗರ ಮುಂದಾಳುತನದ ಬಲಗೈಯಲ್ಲಿ 18 ಪಣಗಳೂ ಪಾಂಚಾಳರ ಮುಂದಾಳುತನದ ಎಡಗೈಯಲ್ಲಿ 9 ಪಣಗಳೂ ಇದ್ದವು. ಪಣವೆಂದರೆ ಒಂದು ಕಸುಬಿನ ಕುಲವೆಂದು ಸ್ಥೂಲವಾಗಿ ಹೇಳಬಹುದು. ಯಾರ ಮದುವೆಯ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬಹುದು, ಯಾರು ಯಾವ ಬಣ್ಣದ ಬಾವುಟ ಹಿಡಿಯಬಹುದು ಎಂಬಂಥ ವಿಷಯಗಳಲ್ಲಿ ಈ ಎರಡು ಪಂಗಡಗಳ ನಡುವೆ ಜಗಳವೆದ್ದಾಗ ಊರಿನ ವ್ಯಾಪಾರವೇ ಸ್ತಬ್ಧವಾಗಬಹುದಾಗಿತ್ತು. ಹಾಗಾಗಿ ಹಳೆಯ ಪೇಟೆಯನ್ನು ಸ್ವಯಮಾಡಳಿತದ ಸೌಹಾರ್ದದ ನೆಲೆಯೆಂದು ಬಣ್ಣಿಸುವ ಬರಹಗಳನ್ನು ಎಚ್ಚರದಿಂದಲೇ ಓದಬೇಕು. ಅಲ್ಲಿ ನಾಯಕತ್ವವಿತ್ತು, ಆದರೆ ಇಡೀ ಊರಿಗೆ ಒಬ್ಬ ನಾಯಕನಿರಲಿಲ್ಲ.

1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಬೆಂಗಳೂರಿಗೆ ಬಂದು ಹಲಸೂರಿನ ಸುತ್ತ ನೆಲೆಯೂರಿತು. ಸೈನ್ಯದ ಹಿಂದೆ ಮದ್ರಾಸ್ ಸೀಮೆಯಿಂದ ಗುತ್ತಿಗೆದಾರರು, ಬಟ್ಲರುಗಳು, ದರ್ಜಿಗಳು, ಕೂಲಿಯವರು ಬಂದರು. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಮಾತುಗಳ ಹೊಸ ಊರೊಂದು ಪೇಟೆಯ ಪೂರ್ವಕ್ಕೆ ಬೆಳೆಯಿತು. ಜನ ಅದನ್ನು ದಂಡು ಎಂದೂ ಲಷ್ಕರ್ ಎಂದೂ ಕರೆದರು. 1831ರಿಂದ 1881ರವರೆಗೆ ಮೈಸೂರು ನೇರವಾಗಿ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲದಲ್ಲೂ ಈ ಎರಡು ಊರುಗಳು ಬೇರೆಬೇರೆಯಾಗಿಯೇ ಉಳಿದವು. 1881ರಲ್ಲಿ ರಾಜ್ಯ ಒಡೆಯರ ವಂಶಕ್ಕೆ ಹಿಂದಿರುಗಿದಾಗ ದಂಡನ್ನು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರು ತಮ್ಮಲ್ಲೇ ಉಳಿಸಿಕೊಂಡುದರಿಂದ, ಒಂದು ಊರಿನ ಪೌರಸಭೆ ಮೈಸೂರು ದಿವಾನರಿಗೂ ಇನ್ನೊಂದರ ಪೌರಸಭೆ ಬ್ರಿಟಿಷ್ ರೆಸಿಡೆಂಟರಿಗೂ ಉತ್ತರ ಹೇಳಬೇಕಾಯಿತು. ದಂಡನ್ನು ಪೇಟೆಯ ಹೊರವಲಯವೆಂದು ತಿಳಿಯುವುದು ತಪ್ಪು: 1901ರ ಜನಗಣತಿಯಲ್ಲಿ ಪೇಟೆ ಮತ್ತು ಅದರ ಬಡಾವಣೆಗಳ ಜನಸಂಖ್ಯೆ 69,447 ಇದ್ದರೆ ದಂಡಿನ ಜನಸಂಖ್ಯೆ 89,599 ಇತ್ತು.

1850ರ ಕಾಯಿದೆ ಒತ್ತಾಯದ ಕಾಯಿದೆಯಾಗಿರಲಿಲ್ಲ. ಊರಿನ ನಿವಾಸಿಗಳು ಬಯಸಿದರೆ ಮಾತ್ರ ಅದು ಜಾರಿಗೆ ಬರಬೇಕಿತ್ತು. ಬಯಸಿದವರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಲು ಒಪ್ಪಿದಂತಾಗುತ್ತಿತ್ತು. ಪೇಟೆಯ ಯಜಮಾನಿಕೆಗೆ ಒಗ್ಗಿದ್ದವರಿಗೆ ಇದು ಅಪರಿಚಿತವಾದುದೇನಲ್ಲ, ಏಕೆಂದರೆ ವಂತಿಗೆ ಎತ್ತುವ ಹಿರಿಯರೇ ಈಗ ಮಂಡಳಿಯ ಸದಸ್ಯರಾಗಿದ್ದರು. ಹೊಸದಾಗಿದ್ದುದು ಅವರ ಮೇಲೆ ಅಧ್ಯಕ್ಷನಾಗಿ ಕೂರುತ್ತಿದ್ದ ಸರ್ಕಾರಿ ಅಧಿಕಾರಿ. ಮಂಡಳಿಯ ಆದಾಯದ ದೊಡ್ಡ ಭಾಗ ಆಕ್ಟ್ರಾಯ್‌ನಿಂದ, ಅಂದರೆ ಊರೊಳಗೆ ಬಳಕೆಗೆಂದು ಬರುವ ಸರಕಿನ ಮೇಲೆ ಊರಬಾಗಿಲಲ್ಲೇ ಹಾಕುವ ಸುಂಕದಿಂದ ಬರುತ್ತಿತ್ತು. ಊರಿಗೆ ಬರುವ ದಾರಿಗಳಲ್ಲಿ ನಾಕಾಗಳಿದ್ದು, ರಾಗಿ, ತುಪ್ಪ, ಅಡಕೆ, ಸೌದೆ ಹೇರಿದ ಗಾಡಿಗಳು ಅಲ್ಲಿ ನಿಲ್ಲಬೇಕಿತ್ತು. ಗುಮಾಸ್ತ ಮೂಟೆ ಎಣಿಸಿ, ಸುಂಕ ಕಟ್ಟಿಸಿಕೊಂಡು ರಸೀದಿ ಕೊಟ್ಟ ಮೇಲೆಯೇ ಗಾಡಿ ಮುಂದೆ ಸಾಗುತ್ತಿತ್ತು. ಊರನ್ನು ಹಾದು ಮುಂದೆ ಹೋಗುವ ಸರಕಿಗೆ ಕಟ್ಟಿದ ಸುಂಕವನ್ನು ಹಿಂದಕ್ಕೆ ಪಡೆಯುವ ಅವಕಾಶ ಕಾಗದದ ಮೇಲಿದ್ದರೂ ಹಳ್ಳಿಯ ಗಾಡಿಕಾರನಿಗೆ ಆ ಓಡಾಟ ದುಬಾರಿಯೇ ಆಗಿದ್ದಿರಬೇಕು. ಪೇಟೆಯ ಸಗಟು ವರ್ತಕರಿಗೆ ಪೌರಸಭೆಯ ಸದಸ್ಯತ್ವದಲ್ಲಿ ಇಷ್ಟೊಂದು ಆಸಕ್ತಿ ಇದ್ದುದಕ್ಕೆ ಗೌರವವೊಂದೇ ಕಾರಣವಾಗಿರಲಿಲ್ಲ. ಯಾವ ಸರಕಿಗೆ ಎಷ್ಟು ಸುಂಕವೆಂಬ ಪಟ್ಟಿ ಅಲ್ಲಿಯೇ ಚರ್ಚೆಗೆ ಬರುತ್ತಿತ್ತು.

ನೀರಿನ ಪ್ರಶ್ನೆ ಸುಂಕದ ಪಟ್ಟಿಯಲ್ಲಿ ಬಗೆಹರಿಯುವಂಥದಾಗಿರಲಿಲ್ಲ. ಪೇಟೆ ಧರ್ಮಾಂಬುಧಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿಕೊಂಡಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮ ಆ ನಂಬಿಕೆಯನ್ನು ಅಲುಗಿಸಿತು. ದಂಡಿನ ಅನುಕೂಲಕ್ಕೆಂದು 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. ಮುಂದಿನ ದಶಕದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಊರಿನಿಂದ ಸುಮಾರು 18 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಹಿಡಿದು, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ, ಕೊಳವೆಗಳ ಮೂಲಕ ಪೇಟೆಗೂ ದಂಡಿಗೂ ಹರಿಸುವ ಯೋಜನೆಯನ್ನು ಕೈಗೊಂಡರು. ದಿವಂಗತ ಮಹಾರಾಜರ ಹೆಸರಿನಲ್ಲಿ ಚಾಮರಾಜೇಂದ್ರ ಜಲಕಾಮಗಾರಿ ಎಂದು ಕರೆಸಿಕೊಂಡ ಇದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ಅದನ್ನು ಯೋಚಿಸಿದ್ದು ದಿವಾನ ಕಚೇರಿ, ಕಟ್ಟಿದ್ದು ಸರ್ಕಾರದ ಮರಾಮತ್ತು ಇಲಾಖೆ. ಊರಿನ ಪ್ರತಿನಿಧಿಗಳಾದ ಪೌರಸಭೆಯವರು ಬೀದಿ ನಲ್ಲಿಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದರ ಸುತ್ತ ಮಾತನಾಡುವವರಾಗಿದ್ದರು. ಕೆರೆಯ ನೀರನ್ನು ಕಾಯಲು ಊರಿನವರಿಗಿದ್ದ ಹೊಣೆ, ನಲ್ಲಿ ಬಂದ ಮೇಲೆ ಕ್ರಮೇಣ ಯಾರದೂ ಅಲ್ಲದಂತಾಯಿತು. ಧರ್ಮಾಂಬುಧಿ ಒಣಗಿ ಅದರ ಅಂಗಳ ಮುಂದೆ ಬಸ್ ನಿಲ್ದಾಣವಾಯಿತು.

1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಹಾದಿಯಲ್ಲಿ ಬೆಂಗಳೂರಿಗೆ ಬಂದಿತು. ಪೇಟೆಯ ಮನೆಗಳು ಬೀದಿಗೆ ಕಿರಿದಾಗಿಯೂ ಒಳಕ್ಕೆ ಉದ್ದವಾಗಿಯೂ ಇದ್ದು, ಮುಂದೆ ಅಂಗಡಿ, ನಡುವೆ ಕಾಳಿನ ದಾಸ್ತಾನು, ಹಿಂದೆ ಅಡುಗೆಮನೆ ಎಂಬಂತೆ ಬೆಳಕಿಲ್ಲದೆ ಒಂದಕ್ಕೊಂದು ಅಂಟಿಕೊಂಡಿದ್ದುದರಿಂದ ಇಲಿಗಳಿಗೆ ಅವು ಹೇಳಿಮಾಡಿಸಿದ ನೆಲೆಗಳಾಗಿದ್ದವು. ಇಲಿ ಸತ್ತು ಬಿದ್ದಿತೆಂದರೆ ಮನೆಯವರು ಗಂಟುಮೂಟೆ ಕಟ್ಟುತ್ತಿದ್ದರು. ಮುಂದೆ ದಿವಾನರಾದ ವಿ.ಪಿ. ಮಾಧವರಾವ್ ಪ್ಲೇಗ್ ಕಮಿಷನರಾಗಿ ನೇಮಕಗೊಂಡು, ರೋಗಿಗಳನ್ನು ಬೇರ್ಪಡಿಸುವುದು, ಮನೆಗಳ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಔಷಧಿ ಹೊಡೆಸುವುದು, ಜನರನ್ನು ಊರಹೊರಗಿನ ಜೋಪಡಿಗಳಿಗೆ ಸಾಗಿಸುವುದು ಮುಂತಾದ ಕ್ರಮಗಳ ಮೇಲ್ವಿಚಾರಣೆ ವಹಿಸಿದರು. ಮನೆಯೊಳಗಿನ ನಡುಮನೆಗೆ, ದೇವರಕೋಣೆಗೆ ಅಧಿಕಾರಿಯೊಬ್ಬ ಬೂಟುಗಾಲಿನಲ್ಲಿ ಬರುವುದು ಪೇಟೆಯವರಿಗೆ ರೋಗದಷ್ಟೇ ದೊಡ್ಡ ಆಘಾತವಾಗಿತ್ತು. ಇಲ್ಲಿಯೇ ಹಳೆಯ ಯಜಮಾನಿಕೆ ಕೊನೆಯ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತೆನ್ನಬಹುದು, ಏಕೆಂದರೆ ಕುಲದ ಹಿರಿಯರ ಮಾತಿಲ್ಲದೆ ಮನೆ ಖಾಲಿ ಮಾಡಿಸುವುದು ಸುಲಭವಿರಲಿಲ್ಲ. ಜನ ತಮ್ಮದೇ ರೀತಿಯಲ್ಲೂ ಉತ್ತರ ಕೊಟ್ಟರು: ಪ್ಲೇಗಿನಮ್ಮನ ಗುಡಿಗಳು ಊರಿನ ಹಲವು ಕಡೆ ಎದ್ದವು.

ಪ್ಲೇಗಿಗೆ ಮೊದಲೇ ಯೋಚನೆಯಲ್ಲಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳಿಗೆ ಈ ಭಯವೇ ಜನರನ್ನು ತಂದಿತು. ನೇರವಾದ ಅಗಲ ಬೀದಿಗಳು, ಮನೆಗಳ ಹಿಂದೆ ಮಲ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಮನೆಯ ಸುತ್ತ ಗಾಳಿಬೆಳಕಿಗೆ ಜಾಗ ಇವೆಲ್ಲ ಆ ಕಾಲದ ಆರೋಗ್ಯಶಾಸ್ತ್ರದ ಫಲಗಳು. ಆದರೆ ಅಲ್ಲಿನ ನಿವೇಶನಗಳನ್ನು ಜಾತಿವಾರು ಭಾಗಗಳಾಗಿ ವಿಂಗಡಿಸಿದುದು ಹಳೆಯ ಪೇಟೆಯಿಂದಲೇ ಬಂದ ರೂಢಿ. ಹಿಂಭಾಗದ ಗಲ್ಲಿಯಲ್ಲಿ ಮಲದ ಬುಟ್ಟಿ ಹೊತ್ತು ನಡೆಯುವವರ ವಸತಿಗೆ ನಕ್ಷೆಯಲ್ಲಿ ಕೊಟ್ಟ ಗಮನ ಅತ್ಯಲ್ಪ. ಮಲ ಹೊರುವ ಈ ಪದ್ಧತಿಯನ್ನು ನಿಷೇಧಿಸಲು 1970ರ ದಶಕದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ದಂಡಿನ ಕಡೆ ಫ್ರೇಜರ್ ಟೌನ್ ಬಡಾವಣೆಯನ್ನು ಇಲಿ ನುಗ್ಗದ ಮನೆಗಳ ಪ್ರಯೋಗವಾಗಿ ರೂಪಿಸಿದ ಇಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಆ ಅನುಭವವನ್ನು 1914ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದನು. ಪ್ಲೇಗು ಎರಡು ಊರುಗಳ ಗಡಿಯನ್ನು ಲೆಕ್ಕಿಸಲಿಲ್ಲ. ಪ್ಲೇಗಿನ ವಿರುದ್ಧದ ಯೋಜನೆಗಳು ಮಾತ್ರ ಗಡಿಯ ಇತ್ತ ಒಂದು, ಅತ್ತ ಒಂದು ಎಂಬಂತೆ ನಡೆದವು.

1906ರ ಮೈಸೂರು ಪೌರಸಭಾ ರೆಗ್ಯುಲೇಷನ್ನಿನ ಅನಂತರ, ಅದರಲ್ಲೂ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ವರ್ಷಗಳಲ್ಲಿ, ಸ್ಥಳೀಯ ಸ್ವಯಮಾಡಳಿತ ರಾಜ್ಯದ ನೀತಿಯ ಮಾತಾಯಿತು. ಬೆಂಗಳೂರು ನಗರ ಪೌರಸಭೆಗೆ 1913ರಲ್ಲಿ ಸರ್ಕಾರಿ ಅಧಿಕಾರಿಯ ಬದಲು ಗೌರವ ಅಧ್ಯಕ್ಷರು ಬಂದರು. ಮುಂದಿನ ಕೆಲವು ವರ್ಷಗಳಲ್ಲಿ ಆ ಸ್ಥಾನ ಚುನಾವಣೆಗೆ ಒಳಪಟ್ಟಿತು. ಮತದಾನದ ಹಕ್ಕು ತೆರಿಗೆ ಕಟ್ಟುವವರು, ಆಸ್ತಿಯುಳ್ಳವರು, ವಿದ್ಯಾವಂತರು ಇಷ್ಟರೊಳಗೇ ಇದ್ದ ಕಾಲವದು. ಆ ಕಾಲದ ಪೌರನಾಯಕರ ಮಾದರಿಯಾಗಿ ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿಯವರನ್ನು ಹೆಸರಿಸುವುದು ಸರಿಯಾದುದೇ. 1856ರಲ್ಲಿ ಹುಟ್ಟಿ, ಮೈಸೂರು ಸರ್ಕಾರದ ಸೇವೆಯಲ್ಲಿ ಎತ್ತರದ ಹುದ್ದೆಗೇರಿ, ನಿವೃತ್ತರಾದ ಮೇಲೆ ಪೌರಸಭೆಯ ಅಧ್ಯಕ್ಷತೆ ವಹಿಸಿದ ಅವರಲ್ಲಿ ಮೂರು ಬಗೆಯ ಅಧಿಕಾರ ಕೂಡಿಕೊಂಡಿತ್ತು: ಅಧಿಕಾರಿಯಾಗಿ ಕಚೇರಿಯ ಒಳಹೊರಗನ್ನು ಬಲ್ಲವರು, ಸಮುದಾಯದ ಹಿರಿಯರಾಗಿ ಪೇಟೆಯ ಮಾತನ್ನು ಬಲ್ಲವರು, ದಾನಿಯಾಗಿ ತಮ್ಮ ಕೈಯಿಂದಲೇ ಹಣ ಹಾಕಬಲ್ಲವರು. 1933ರಲ್ಲಿ ಶಂಕುಸ್ಥಾಪನೆಯಾಗಿ 1935ರಲ್ಲಿ ತೆರೆದ, ಗ್ರೀಕ್ ಶೈಲಿಯ ಕಂಬಗಳ ಪುರಭವನಕ್ಕೆ ಅವರ ಹೆಸರಿರುವುದು ಇದೇ ಕಾರಣಕ್ಕೆ. ಊರಿನ ಕೆಲಸಕ್ಕೆ ಸ್ವಂತ ಹಣ ಕೊಡುವ ಈ ಪರಂಪರೆ ಶ್ಲಾಘನೀಯವಾದುದಾದರೂ ಅದರ ಮತ್ತೊಂದು ಮುಖವನ್ನು ಮರೆಯಲಾಗದು. ಪೌರಸಭೆಯ ಬೊಕ್ಕಸ ತೆಳುವಾಗಿದ್ದುದರಿಂದಲೇ ದಾನಿಗೆ ಅಷ್ಟು ಮಹತ್ವ ಬಂದಿತ್ತು. ದಾನದಿಂದ ಸಭಾಭವನ ಕಟ್ಟಬಹುದೇ ಹೊರತು ಒಳಚರಂಡಿಯ ಜಾಲವನ್ನು ಕಟ್ಟಲಾಗದು.

ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲಕ್ಕೆ ಎರಡು ಊರುಗಳು ಪೈಪೋಟಿಗೆ ಬಿದ್ದಂತೆ ಬೆಳೆದವು. ಸಿದ್ದಿಕಟ್ಟೆಯ ಜಾಗದಲ್ಲಿ 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ತೆರೆಯಿತು. ದಂಡಿನಲ್ಲಿ ಪೌರಸಭೆಯ ಕಮಿಷನರೊಬ್ಬರ ಹೆಸರು ಹೊತ್ತ ರಸೆಲ್ ಮಾರುಕಟ್ಟೆ ಎದ್ದಿತು. ನಡುವಿನ ಕಬ್ಬನ್ ಪಾರ್ಕು ಇಬ್ಬರಿಗೂ ವಿಹಾರಸ್ಥಳವೂ ಬೇಲಿಯೂ ಆಗಿತ್ತು. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು, ದಂಡಿನ ಪ್ರದೇಶ ಮೈಸೂರಿಗೆ ಮರಳಿತು. ಎರಡು ಪೌರಸಭೆಗಳನ್ನು ಕೂಡಿಸಲು ಮತ್ತೆ ಎರಡು ವರ್ಷ ಹಿಡಿದು, 1949ರ ಡಿಸೆಂಬರ್‌ನಲ್ಲಿ ಬೆಂಗಳೂರು ನಗರ ಕಾರ್ಪೊರೇಷನ್ ಅಸ್ತಿತ್ವಕ್ಕೆ ಬಂದಿತು; ಆರ್. ಸುಬ್ಬಣ್ಣ ಮೊದಲ ಮೇಯರ್ ಆದರು. 1950ರಲ್ಲಿ ಮೊದಲ ಚುನಾವಣೆ ನಡೆದು, 50 ವಿಭಾಗಗಳಿಂದ 70 ಮಂದಿ ಸದಸ್ಯರು ಆರಿಸಿಬಂದರು. 1941ರಲ್ಲಿ ಎರಡೂ ಊರುಗಳಲ್ಲಿ ಸೇರಿ ನಾಲ್ಕು ಲಕ್ಷದಷ್ಟಿದ್ದ ಜನ 1951ರ ಹೊತ್ತಿಗೆ ಎಂಟು ಲಕ್ಷದ ಹತ್ತಿರಕ್ಕೆ ಬಂದಿದ್ದರು. ಇದಕ್ಕೆ ಕಾರ್ಖಾನೆಗಳೂ ಯುದ್ಧಕಾಲದ ಉದ್ಯೋಗವೂ ಕಾರಣ.

ಬೆಂಗಳೂರಿಗೆ ಒಬ್ಬ ಮೇಯರ್ ದೊರೆತ ಕಾಲಕ್ಕೆ ಸರಿಯಾಗಿ ಮೇಯರ್ ಮಾಡಬಹುದಾದ ಕೆಲಸ ಕಡಿಮೆಯಾಗುತ್ತ ಬಂದುದು ವಿಪರ್ಯಾಸ. ಹೊಸ ಬಡಾವಣೆಗಳನ್ನು ರಚಿಸುವ ಅಧಿಕಾರ 1945ರಲ್ಲೇ ನಗರ ಸುಧಾರಣಾ ವಿಶ್ವಸ್ತ ಮಂಡಳಿಗೆ ಹೋಗಿತ್ತು. ಜಯನಗರ, ರಾಜಾಜಿನಗರಗಳ ನಿವೇಶನ ಹಂಚಿದ್ದು ಕಾರ್ಪೊರೇಷನ್ನಲ್ಲ, ಆ ಮಂಡಳಿ. ನೀರು ಮತ್ತು ಒಳಚರಂಡಿ 1964ರಲ್ಲಿ ಜಲಮಂಡಳಿಯ ಪಾಲಾದವು. 1976ರಲ್ಲಿ ವಿಶ್ವಸ್ತ ಮಂಡಳಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. 1979ರಲ್ಲಿ ಆಕ್ಟ್ರಾಯ್ ರದ್ದಾದಾಗ ನಾಕಾಗಳು ಮುಚ್ಚಿ ಲಾರಿಗಳ ಸಾಲು ತಪ್ಪಿತೆಂದು ವರ್ತಕರು ಹಿಗ್ಗಿದರು; ಆದರೆ ಸ್ವಂತದ ಒಂದು ದೊಡ್ಡ ಆದಾಯವನ್ನು ಕಳೆದುಕೊಂಡ ಕಾರ್ಪೊರೇಷನ್ ಸರ್ಕಾರದ ಅನುದಾನಕ್ಕೆ ಕೈಯೊಡ್ಡುವಂತಾಯಿತು. ಇದರ ಮೇಲೆ ಮೇಯರ್ ಅವಧಿ ಆಗ ಒಂದೇ ವರ್ಷದ್ದಾಗಿತ್ತು. ಗೌನು ಮತ್ತು ಚಿನ್ನದ ಸರಪಳಿ ತೊಟ್ಟವರು ಕಡತಗಳ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಚುನಾವಣೆಯ ಲೆಕ್ಕಾಚಾರ ಶುರುವಾಗುತ್ತಿತ್ತು. ಕಾರ್ಯಾಂಗದ ಅಧಿಕಾರವೆಲ್ಲ ಸರ್ಕಾರ ನೇಮಿಸಿದ ಆಯುಕ್ತರಲ್ಲಿತ್ತು. ಇಂಥ ಸ್ಥಿತಿಯಲ್ಲಿ ಕಾರ್ಪೊರೇಟರುಗಳ ರಾಜಕಾರಣ ವಾರ್ಡಿನ ಮೋರಿ, ಡಾಂಬರು, ಗುತ್ತಿಗೆಗಳ ಸುತ್ತಲೇ ಸುತ್ತಿದುದಕ್ಕೆ ಅವರ ಸ್ವಭಾವವನ್ನಷ್ಟೇ ದೂಷಿಸುವುದು ಅರ್ಧ ಸತ್ಯವನ್ನು ಹೇಳಿದಂತೆ.

2007ರಲ್ಲಿ ನೂರು ವಾರ್ಡುಗಳ ಮಹಾನಗರಪಾಲಿಕೆಗೆ ಸುತ್ತಲಿನ 7 ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಲಾಯಿತು. ಹಾಗೆ ಸೇರಿದ ಬೊಮ್ಮನಹಳ್ಳಿ, ದಾಸರಹಳ್ಳಿ, ಮಹದೇವಪುರಗಳಂಥ ಊರುಗಳು ಮತದಾನಕ್ಕಾಗಿ 2010ರ ಮಾರ್ಚ್‌ವರೆಗೆ ಕಾಯಬೇಕಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ ಮುಗಿದ ಮೇಲೆ ಹೊಸ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲೇ ಪಾಲಿಕೆ ಸಾಗಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೊಂದನ್ನು ಸ್ಥಾಪಿಸಿದಾಗ, ಅದರ ಅಧ್ಯಕ್ಷ ಸ್ಥಾನವನ್ನು ಕಾಯಿದೆ ರಾಜ್ಯದ ಮುಖ್ಯಮಂತ್ರಿಗೆ ಕೊಟ್ಟಿತು.