ಬೋರ್ಡೋ ದ್ರಾವಣದೊಳಗಿನ ರಸಾಯನಶಾಸ್ತ್ರ

ವಯನಾಡಿನ ಸುಲ್ತಾನ್ ಬತ್ತೇರಿಯ ಸೇಂಟ್ ಮೇರೀಸ್ ಕಾಲೇಜು 1965ರಲ್ಲಿ ಆರಂಭವಾಯಿತು. ಈಗ ಕಲ್ಲಿಕೋಟೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ವಿಶ್ವವಿದ್ಯಾಲಯ ಯಾವುದೇ ಇರಲಿ, ಪದವಿಯ ಮೊದಲ ವರ್ಷದ ರಸಾಯನಶಾಸ್ತ್ರದ ಬುನಾದಿ ಹೆಚ್ಚುಕಡಿಮೆ ಒಂದೇ: ಪರಮಾಣು ರಚನೆ, ಬಂಧ, ಮೋಲ್ ಲೆಕ್ಕ, ಆಮ್ಲ–ಪ್ರತ್ಯಾಮ್ಲ, ಉತ್ಕರ್ಷಣ–ಅಪಕರ್ಷಣ. ಕೊನೆಯ ಮೂರಕ್ಕೆ ವಯನಾಡಿನ ಕರಿಮೆಣಸಿನ ತೋಟದಲ್ಲೇ ಪಾಠವಿದೆ. ಶೀಘ್ರ ಸೊರಗು ರೋಗ ತಡೆಯಲು ಮಳೆಗಾಲದಲ್ಲಿ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣವೇ ಅದು. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಇದನ್ನು ಪ್ರಕಟಿಸಿದ್ದು ದ್ರಾಕ್ಷಿಯ ರೋಗಕ್ಕಾಗಿ.

ಮೋಲ್ ಲೆಕ್ಕ

ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಟ್ಟ ಸುಣ್ಣ. ತೂಕ ಸಮವಾದರೂ ಕಣಗಳ ಸಂಖ್ಯೆ ಸಮವಲ್ಲ. ಮೈಲುತುತ್ತದ ಒಂದು ಮೋಲ್ ಸುಮಾರು 250 ಗ್ರಾಂ, ಸುಟ್ಟ ಸುಣ್ಣದ್ದು 56 ಗ್ರಾಂ. ಅಂದರೆ ಒಂದು ಕಡೆ 4 ಮೋಲ್, ಇನ್ನೊಂದು ಕಡೆ ಸುಮಾರು 18. ಕ್ರಿಯೆ ನಡೆಯುವುದು ಒಂದಕ್ಕೊಂದರಂತೆ; ಹಾಗಾಗಿ ಕಾಗದದ ಮೇಲೆ 225 ಗ್ರಾಂ ಶುದ್ಧ ಸುಣ್ಣ ಸಾಕು. ಉಳಿದದ್ದು ವ್ಯರ್ಥವೇ? ಅಲ್ಲ. ಪೇಟೆಯ ಸುಣ್ಣ ಶುದ್ಧವಿರುವುದು ಅಪರೂಪ, ಗಾಳಿ ತಾಗಿ ಸತ್ವವನ್ನೂ ಕಳೆದುಕೊಳ್ಳುತ್ತದೆ. ಮೇಲಾಗಿ ಕ್ರಿಯೆಗೆ ಸಿಗದೆ ಉಳಿದ ತಾಮ್ರ ಎಲೆಯನ್ನು ಸುಡುತ್ತದೆ.

ಚಾಕುವಿನ ಪರೀಕ್ಷೆ

ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿದರೆ ಕರಗದ ತಿಳಿನೀಲಿ ಗಸಿ ಹುಟ್ಟುತ್ತದೆ. ಬೂಷ್ಟನ್ನು ತಡೆಯುವ ತಾಮ್ರ ಅದರಲ್ಲಿದೆ. ಪಾತ್ರೆ ಪ್ಲಾಸ್ಟಿಕ್ಕಿನದಾಗಿರಲಿ, ಕಬ್ಬಿಣದ್ದು ಬೇಡ. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಇನ್ನೂ ಬೇಕು. ಕಬ್ಬಿಣ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ, ತಾಮ್ರದ ಅಯಾನು ಅದನ್ನು ಪಡೆದು ಲೋಹವಾಗುತ್ತದೆ. ಉತ್ಕರ್ಷಣ–ಅಪಕರ್ಷಣಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ನನಗಂತೂ ಗೊತ್ತಿಲ್ಲ.

ಹುಳಿ ಮಣ್ಣು

ಹೆಚ್ಚು ಮಳೆ ಬೀಳುವ ವಯನಾಡಿನ ಮಣ್ಣು ಹುಳಿ. ಹುಳಿಯನ್ನು ಅಳೆಯುವ ಪಿಎಚ್ 5 ಮತ್ತು 6ರ ನಡುವೆ ಇರುವುದು ಹತ್ತು ಪಟ್ಟು ವ್ಯತ್ಯಾಸ, ಏಕೆಂದರೆ 1909ರಲ್ಲಿ ಸೋರೆನ್‌ಸೆನ್ ರೂಪಿಸಿದ ಈ ಮಾನ ಲಾಗರಿದಮ್ಮಿನದು. ಹುಳಿ ತಗ್ಗಿಸಲು ತೋಟಕ್ಕೂ ಸುಣ್ಣವೇ ಮದ್ದು.

ಎಲ್ಲಿಂದ ಆರಂಭ?

ಆವರ್ತ ಕೋಷ್ಟಕವನ್ನು ಬಾಯಿಪಾಠ ಮಾಡುವುದರಿಂದಲ್ಲ, ಮೋಲ್‌ನಿಂದ. ಗ್ರಾಂ ಅನ್ನು ಮೋಲ್‌ಗೆ ತಿರುಗಿಸುವುದು ಕೈಗೆ ಹತ್ತುವವರೆಗೆ ಮುಂದಿನ ಅಧ್ಯಾಯ ತೆರೆಯಬೇಡಿ.