ಯುದ್ಧದ ನಷ್ಟ, ವಿಮೆಯ ಹೊಣೆ: ನಾಟ್‌ಪೆಟ್ಯಾ ಪ್ರಕರಣದ ಚಾರಿತ್ರಿಕ ಮಹತ್ವ

ವಿಮೆಯ ಚರಿತ್ರೆಯು ಮೂಲತಃ ನಷ್ಟವನ್ನು ಹಂಚಿಕೊಳ್ಳುವ ಕ್ರಮದ ಚರಿತ್ರೆ. ಒಂದು ಮನೆ ಸುಟ್ಟಾಗ ಉಳಿದ ಸಾವಿರ ಮನೆಗಳು ಸುರಕ್ಷಿತವಾಗಿರುತ್ತವೆ ಎಂಬ ಗ್ರಹಿಕೆಯೇ ಈ ವ್ಯವಹಾರದ ತಳಹದಿ. ಯುದ್ಧವು ಈ ತಳಹದಿಯನ್ನೇ ಅಲುಗಿಸುತ್ತದೆ. ಸ್ಪೇನಿನ ಅಂತರ್ಯುದ್ಧದಲ್ಲಿ ನಗರಗಳ ಮೇಲೆ ನಡೆದ ವೈಮಾನಿಕ ದಾಳಿಗಳನ್ನು ಕಂಡ ಲಂಡನ್ನಿನ ವಿಮೆಗಾರರು, ನೆಲದ ಮೇಲಿನ ಆಸ್ತಿಗೆ ಯುದ್ಧನಷ್ಟದ ವಿಮೆ ನೀಡಬಾರದೆಂದು ೧೯೩೭ರಲ್ಲಿ ಒಪ್ಪಂದ ಮಾಡಿಕೊಂಡರು. ಯುದ್ಧವನ್ನು ಹೊರಗಿಡುವ ಇಂತಹ ನಿಬಂಧನೆಗಳು ಆಸ್ತಿವಿಮೆಯಲ್ಲಿ ರೂಢಿಗೆ ಬಂದವು.

ಅಂತರಜಾಲದ ಅಪಾಯಗಳಿಗೆ ಪ್ರತ್ಯೇಕ ವಿಮೆ ಕಾಣಿಸಿಕೊಂಡದ್ದು ೧೯೯೦ರ ದಶಕದ ಕೊನೆಯಲ್ಲಿ. ಮಾಹಿತಿ ಸೋರಿಕೆಯಾದಾಗ ಬಾಧಿತರಿಗೆ ತಿಳಿಸಬೇಕೆಂಬ ಕ್ಯಾಲಿಫೋರ್ನಿಯದ ಕಾನೂನು ೨೦೦೩ರಲ್ಲಿ ಜಾರಿಗೆ ಬಂದಿತು. ಅದುವರೆಗೆ ಗುಟ್ಟಾಗಿ ಉಳಿಯಬಹುದಾಗಿದ್ದ ನಷ್ಟವು ಲೆಕ್ಕಕ್ಕೆ ಸಿಗುವ ವೆಚ್ಚವಾಯಿತು. ವಿಮೆಯ ಬೇಡಿಕೆಯೂ ಬೆಳೆಯಿತು. ಆದರೂ ಅನೇಕ ಉದ್ಯಮಗಳು ತಮ್ಮ ಹಳೆಯ ಆಸ್ತಿವಿಮೆಯನ್ನೇ ನೆಚ್ಚಿಕೊಂಡಿದ್ದವು.

ಈ ನೆಚ್ಚಿಕೆಯ ಪರೀಕ್ಷೆ ೨೦೧೭ರ ಜೂನ್ ೨೭ರಂದು ಎದುರಾಯಿತು. ಉಕ್ರೇನಿನ ತೆರಿಗೆ ಲೆಕ್ಕಪತ್ರದ ತಂತ್ರಾಂಶವೊಂದರ ಮೂಲಕ ಹರಡಿದ ನಾಟ್‌ಪೆಟ್ಯಾ, ಸುಲಿಗೆಯ ಸೋಗು ಹಾಕಿದ್ದರೂ ವಾಸ್ತವವಾಗಿ ಗಣಕಗಳನ್ನು ನಾಶಪಡಿಸುವಂಥದ್ದಾಗಿತ್ತು. ಡೆನ್ಮಾರ್ಕಿನ ಮೆರ್ಸ್ಕ್ ಹಡಗು ಸಂಸ್ಥೆ ೩೦ ಕೋಟಿ ಡಾಲರುಗಳವರೆಗಿನ ನಷ್ಟವನ್ನು ಅಂದಾಜಿಸಿತು. ಮುಂಬಯಿ ಸಮೀಪದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಸಮೂಹ ನಡೆಸುತ್ತಿದ್ದ ನೆಲೆಯೂ ಸ್ಥಗಿತಗೊಂಡಿತು. ಉಕ್ರೇನಿನಲ್ಲಿ ಹೊತ್ತಿದ ಕಿಡಿ ಒಂದೇ ದಿನ ಹಲವು ದೇಶಗಳ ಮನೆಗಳನ್ನು ಸುಟ್ಟಿತೆನ್ನಬಹುದು.

ಅಮೆರಿಕದ ಔಷಧ ಸಂಸ್ಥೆ ಮರ್ಕ್ ಸುಮಾರು ೧೪೦ ಕೋಟಿ ಡಾಲರುಗಳ ಪರಿಹಾರ ಕೋರಿತು. ೨೦೧೮ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಬ್ರಿಟನ್ ಸರ್ಕಾರಗಳು ದಾಳಿಯನ್ನು ರಷ್ಯಾದ ಸೇನೆಗೆ ಆರೋಪಿಸಿದ್ದವು. ವಿಮೆಗಾರರು ಇದು ಯುದ್ಧಸದೃಶ ಕೃತ್ಯವೆಂದು ವಾದಿಸಿದರು. ನಿಬಂಧನೆಯ ಮಾತು ಸಾಂಪ್ರದಾಯಿಕ ಯುದ್ಧಕ್ಕೆ ಮಾತ್ರ ಅನ್ವಯಿಸುತ್ತದೆಂದೂ, ಕಾಲ ಬದಲಾದರೂ ಅದನ್ನು ತಿದ್ದದಿದ್ದುದು ವಿಮೆಗಾರರ ಲೋಪವೆಂದೂ ನ್ಯೂಜೆರ್ಸಿಯ ನ್ಯಾಯಾಲಯ ೨೦೨೧ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ೨೦೨೩ರ ಮೇ ತಿಂಗಳಲ್ಲಿ ಮೇಲ್ಮನವಿ ಪೀಠವೂ ಮರ್ಕ್ ಪರವಾಗಿ ತೀರ್ಪನ್ನು ಎತ್ತಿಹಿಡಿಯಿತು. ೨೦೨೪ರ ಜನವರಿಯಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಮರ್ಕ್ ಗೆದ್ದರೂ ಮುಂದಿನ ಗ್ರಾಹಕರಿಗೆ ಆ ಬಾಗಿಲು ಕಿರಿದಾಯಿತು. ರಾಷ್ಟ್ರವೊಂದರ ಕಾರ್ಯನಿರ್ವಹಣೆಯನ್ನು ಗಣನೀಯವಾಗಿ ಕುಂಠಿತಗೊಳಿಸುವ ಸರ್ಕಾರಿ ಪ್ರೇರಿತ ದಾಳಿಗಳನ್ನು ಸೈಬರ್ ವಿಮೆಯಿಂದ ಹೊರಗಿಡಬೇಕೆಂದು ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆ ೨೦೨೨ರ ಆಗಸ್ಟಿನಲ್ಲಿ ಸೂಚಿಸಿತು. ೨೦೨೩ರ ಮಾರ್ಚ್ ೩೧ರಿಂದ ಅದು ಜಾರಿಗೆ ಬಂದಿತು. ೧೯೩೭ರ ತರ್ಕವೇ ಇಲ್ಲಿ ಮರುಕಳಿಸಿರುವುದು ಗಮನಾರ್ಹ. ಆದರೆ ಬಾಂಬು ಹಾಕಿದ ವಿಮಾನಕ್ಕೆ ಗುರುತಿರುತ್ತಿತ್ತು. ಗಣಕದಾಳಿಯ ಕರ್ತೃವನ್ನು ನಿರ್ಧರಿಸುವುದೇ ವಿವಾದದ ವಿಷಯ. ಆದುದರಿಂದ ವಿಮೆಪತ್ರವು ನಷ್ಟದ ಒಂದು ಭಾಗವನ್ನಷ್ಟೇ ವರ್ಗಾಯಿಸಬಲ್ಲದು. ಉಳಿದುದನ್ನು ಬೇರ್ಪಡಿಸಿಟ್ಟ ದತ್ತಾಂಶದ ಪ್ರತಿಗಳು, ವಿಭಜಿತ ಜಾಲಗಳು ಹಾಗೂ ಮೀಸಲು ನಿಧಿಗಳಿಂದ ಸಂಸ್ಥೆಗಳೇ ಹೊರಬೇಕಾಗುತ್ತದೆ ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.