ಎವರೆಸ್ಟ್ ಆರೋಹಣದಲ್ಲಿ ವಿರಳ ವಾಯುವಿನ ಸಮಸ್ಯೆ: 1921ರಿಂದ 1981ರವರೆಗೆ

ನೇಪಾಳಿಗರು ಸಾಗರಮಾಥಾ ಎಂದೂ ಟಿಬೆಟನ್ನರು ಚೋಮೊಲುಂಗ್ಮಾ ಎಂದೂ ಕರೆಯುವ ಎವರೆಸ್ಟ್ ಶಿಖರದ ಎತ್ತರ 8,848.86 ಮೀಟರ್. ಅದರ ಆರೋಹಣದ ಇತಿಹಾಸವನ್ನು ಧೀರರ ಚರಿತ್ರೆಯಾಗಿ ಬರೆಯುವುದು ರೂಢಿಯಾಗಿದ್ದರೂ, 1921ರ ಮೊದಲ ಬ್ರಿಟಿಷ್ ತಂಡದಿಂದ 1953ರ ಯಶಸ್ಸಿನವರೆಗಿನ ಅವಧಿಯನ್ನು ಪರಿಶೀಲಿಸಿದಾಗ ಆರೋಹಿಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದದ್ದು ಉಸಿರಾಟದ ಸಮಸ್ಯೆ ಎಂಬುದು ಸ್ಪಷ್ಟವಾಗುತ್ತದೆ. ಶರೀರಕ್ರಿಯಾ ವಿಜ್ಞಾನದ ತಿಳಿವಳಿಕೆಯೂ ಶೆರ್ಪಾ ಹೊರೆಯಾಳುಗಳ ದುಡಿಮೆಯೂ ಒಂದುಗೂಡಿದಾಗಲೇ ಆ ಸಮಸ್ಯೆ ಬಗೆಹರಿಯಿತು ಎಂಬುದನ್ನು ಪ್ರಸ್ತುತ ಲೇಖನ ನಿರೂಪಿಸುತ್ತದೆ.

ಎತ್ತರಕ್ಕೆ ಏರಿದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಅದು ಶಿಖರದಲ್ಲಿಯೂ ಸುಮಾರು ಶೇ. 21ರಷ್ಟೇ ಇರುತ್ತದೆ. ಕುಸಿಯುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಪಾದರಸವನ್ನು 760 ಮಿಲಿಮೀಟರ್ ಎತ್ತಿ ಹಿಡಿಯುವ ಈ ಒತ್ತಡವು ಎವರೆಸ್ಟ್ ತುದಿಯಲ್ಲಿ ಅದರ ಮೂರನೆಯ ಒಂದು ಭಾಗಕ್ಕೆ ಇಳಿಯುವುದರಿಂದ ಪ್ರತಿ ಉಸಿರಿನಲ್ಲಿ ರಕ್ತಕ್ಕೆ ಸೇರುವ ಆಮ್ಲಜನಕವೂ ತಗ್ಗುತ್ತದೆ. ಕೆಲವು ವಾರಗಳ ಕಾಲ ಹಂತಹಂತವಾಗಿ ಮೇಲೇರುತ್ತ ಕೆಳಗಿಳಿಯುತ್ತ ಇದ್ದರೆ ಉಸಿರಾಟ ತೀವ್ರಗೊಂಡು, ಕೆಂಪು ರಕ್ತಕಣಗಳು ಹೆಚ್ಚಿ, ದೇಹವು ಬಹುಮಟ್ಟಿಗೆ ಆ ಪರಿಸರಕ್ಕೆ ಒಗ್ಗಿಕೊಳ್ಳುತ್ತದೆ. ದಕ್ಷಿಣದ ಮಾರ್ಗದಲ್ಲಿ ಸುಮಾರು 5,300 ಮೀಟರ್ ಎತ್ತರದ ಮೂಲಶಿಬಿರದಿಂದ ಹೊರಟವರು ಖುಂಬು ಹಿಮನದಿಯ ಬಿರುಕುಗಳನ್ನು ದಾಟಿ, ಲ್ಹೋತ್ಸೆಯ ಕಡಿದಾದ ಹಿಮಮುಖವನ್ನು ಏರಿ, ಸುಮಾರು 7,900 ಮೀಟರ್ ಎತ್ತರದ ಸೌತ್ ಕೋಲ್ ಎಂಬ ಕಣಿವೆತಲೆಯನ್ನು ತಲುಪುವವರೆಗೆ ನಡುನಡುವೆ ಶಿಬಿರಗಳನ್ನು ಹೂಡಿಕೊಂಡು ಸಾಗುವುದು ಈ ಕಾರಣದಿಂದಲೇ. ಅದಕ್ಕೂ ಮೇಲೆ, 8,000 ಮೀಟರನ್ನು ಮೀರಿದ ಭಾಗವನ್ನು ‘ಮರಣವಲಯ’ ಎನ್ನುತ್ತಾರೆ. ಅಲ್ಲಿ ಎಷ್ಟು ದಿನ ತಂಗಿದರೂ ದೇಹ ಒಗ್ಗಿಕೊಳ್ಳದೆ ಕ್ಷೀಣಿಸುತ್ತಲೇ ಹೋಗುತ್ತದೆ.

ಈ ಸಮಸ್ಯೆಯನ್ನು ಮೊದಲಿಗೆ ಕ್ರಮಬದ್ಧವಾಗಿ ವಿಚಾರಿಸಿದವರಲ್ಲಿ ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಅಲೆಕ್ಸಾಂಡರ್ ಕೆಲ್ಲಾಸ್ ಪ್ರಮುಖರು. ಚೆನ್ನಾಗಿ ಒಗ್ಗಿಕೊಂಡ ಆರೋಹಿಯು ಕೃತಕ ಆಮ್ಲಜನಕವಿಲ್ಲದೆಯೂ ಎವರೆಸ್ಟನ್ನು ಏರಬಲ್ಲನೆಂದು ಅವರು 1920ರ ವೇಳೆಗೇ ತರ್ಕಿಸಿದ್ದರು. ಆದರೆ 1921ರ ತಂಡದೊಡನೆ ಟಿಬೆಟನ್ನು ಹಾದುಹೋಗುವಾಗ ಕಂಪಾ ಜೋಂಗ್ ಬಳಿ ತೀರಿಕೊಂಡರು. ಮರುವರ್ಷ ಮ್ಯಾಲರಿ, ನಾರ್ಟನ್ ಮತ್ತು ಸಾಮರ್ವೆಲ್ ಆಮ್ಲಜನಕವಿಲ್ಲದೆ ಸುಮಾರು 8,225 ಮೀಟರ್ ಏರಿದರೆ, ಕೆಲವೇ ದಿನಗಳ ತರುವಾಯ ಜಾರ್ಜ್ ಫಿಂಚ್ ಮತ್ತು ಪರ್ವತಾರೋಹಣದ ಅನುಭವವೇ ಇಲ್ಲದಿದ್ದ ಜೆಫ್ರಿ ಬ್ರೂಸ್ ಸಿಲಿಂಡರುಗಳನ್ನು ಹೊತ್ತು ಸುಮಾರು 8,320 ಮೀಟರ್ ತಲುಪಿದರು. ಉಪಕರಣದ ಉಪಯುಕ್ತತೆಗೆ ಇದು ಬಲವಾದ ಸಾಕ್ಷ್ಯವಾಗಿದ್ದರೂ ಅಂದಿನ ಬ್ರಿಟಿಷ್ ಆರೋಹಿಗಳಲ್ಲಿ ಅನೇಕರು ಅದನ್ನು ಕ್ರೀಡಾಧರ್ಮಕ್ಕೆ ಸಲ್ಲದ್ದೆಂದು ಭಾವಿಸಿದರು. 1924ರಲ್ಲಿ ನಾರ್ಟನ್ ಆಮ್ಲಜನಕವಿಲ್ಲದೆ 8,570 ಮೀಟರ್ ಮುಟ್ಟಿದರು. ಆಮ್ಲಜನಕದೊಡನೆ ಹೊರಟ ಮ್ಯಾಲರಿ ಮತ್ತು ಅರ್ವಿನ್ ಹಿಂದಿರುಗಲಿಲ್ಲ.

ನಿರ್ಣಾಯಕ ತಿರುವು 1952ರಲ್ಲಿ ಒದಗಿತು. ಆ ವರ್ಷ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್ಸಿಂಗ್ ನೋರ್ಗೆ ದಕ್ಷಿಣದಿಂದ ಸುಮಾರು 8,600 ಮೀಟರ್ ಏರಿದರೂ, ಅವರ ಉಪಕರಣವು ನಿಂತು ಸುಧಾರಿಸಿಕೊಳ್ಳುವಾಗಲಷ್ಟೇ ನೆರವಾಗುತ್ತಿದ್ದುದರಿಂದ ಹಿಂದಿರುಗಬೇಕಾಯಿತು. ಅದೇ ವರ್ಷ ಚೋ ಓಯು ಪರ್ವತದಲ್ಲಿ ಪರೀಕ್ಷೆ ನಡೆಸಿದ ಶರೀರಕ್ರಿಯಾ ವಿಜ್ಞಾನಿ ಗ್ರಿಫಿತ್ ಪ್ಯೂ, ಉಪಕರಣದ ಭಾರವನ್ನು ಮೀರಿದ ಲಾಭ ದೊರೆಯಬೇಕಾದರೆ ನಿಮಿಷಕ್ಕೆ ಸುಮಾರು ನಾಲ್ಕು ಲೀಟರ್ ಆಮ್ಲಜನಕ ಹರಿಯಬೇಕೆಂದೂ, ಒಣಗಾಳಿಯಲ್ಲಿ ಏದುಸಿರಿನೊಡನೆ ಹೋಗುವ ತೇವವನ್ನು ತುಂಬಿಕೊಳ್ಳಲು ದಿನಕ್ಕೆ ಮೂರು ಲೀಟರಿಗೂ ಹೆಚ್ಚು ದ್ರವ ಸೇವಿಸಬೇಕೆಂದೂ ಕಂಡುಕೊಂಡರು. ಹಾಗಾಗಿ ಹಿಮ ಕರಗಿಸುವ ಒಲೆಯೂ ಸಿಲಿಂಡರಿನಷ್ಟೇ ಮುಖ್ಯವಾಯಿತು. 1953ರಲ್ಲಿ ಜಾನ್ ಹಂಟ್ ನೇತೃತ್ವದ ತಂಡವು ಎರಡು ಬಗೆಯ ಉಪಕರಣಗಳನ್ನು ಬಳಸಿತು. ಬಿಟ್ಟ ಉಸಿರನ್ನು ಶುದ್ಧೀಕರಿಸಿ ಮತ್ತೆ ಒದಗಿಸುವ ‘ಮುಚ್ಚಿದ ಮಂಡಲ’ದ ಉಪಕರಣ ಧರಿಸಿದ್ದ ಬೋರ್ಡಿಲನ್ ಮತ್ತು ಇವಾನ್ಸ್ ಮೇ 26ರಂದು ದಕ್ಷಿಣ ಶಿಖರದವರೆಗೆ ಹೋಗಿ ಮರಳಿದರು. ಹೊರಗಿನ ಗಾಳಿಗೆ ಆಮ್ಲಜನಕವನ್ನು ಬೆರೆಸುವ ಸರಳವಾದ ‘ತೆರೆದ ಮಂಡಲ’ದ ಉಪಕರಣದೊಡನೆ ತೇನ್ಸಿಂಗ್ ಮತ್ತು ಹಿಲರಿ ಮೇ 29ರಂದು ತುದಿ ತಲುಪಿದರು.

ಕೆಲ್ಲಾಸರ ತರ್ಕವನ್ನು 1978ರ ಮೇ 8ರಂದು ಮೆಸ್ನರ್ ಮತ್ತು ಹಾಬೆಲರ್ ಕೃತಕ ಆಮ್ಲಜನಕವಿಲ್ಲದೆ ಶಿಖರವೇರಿ ಸಾಧಿಸಿ ತೋರಿಸಿದರು. 1981ರಲ್ಲಿ ಅಮೆರಿಕದ ವೈದ್ಯಕೀಯ ಸಂಶೋಧನಾ ತಂಡದ ಕ್ರಿಸ್ ಪಿಜ್ಜೊ ಶಿಖರದಲ್ಲಿಯೇ ಅಳೆದ ಒತ್ತಡ 253 ಮಿಲಿಮೀಟರ್. ರೂಢಿಯ ಸೂತ್ರವು ಸೂಚಿಸುತ್ತಿದ್ದುದಕ್ಕಿಂತ ಇದು ಹೆಚ್ಚು. ಎವರೆಸ್ಟ್ ಸಮಭಾಜಕ ವೃತ್ತಕ್ಕೆ ಸಮೀಪದ 28ನೆಯ ಅಕ್ಷಾಂಶದಲ್ಲಿರುವುದೂ ಅಲ್ಲಿ ವಾಯುಮಂಡಲದ ಸ್ತರ ದಪ್ಪವಾಗಿರುವುದೂ ಇದಕ್ಕೆ ಕಾರಣ. ಇದೇ ಎತ್ತರದ ಪರ್ವತ ಧ್ರುವಪ್ರದೇಶದ ಬಳಿ ಇದ್ದಿದ್ದರೆ ಆಮ್ಲಜನಕವಿಲ್ಲದ ಆರೋಹಣ ಬಹುಶಃ ಅಸಾಧ್ಯವಾಗುತ್ತಿತ್ತು.

ಆದರೆ ಸಿಲಿಂಡರು ತಾನಾಗಿ ಮೇಲೇರುವುದಿಲ್ಲ. ಆಮ್ಲಜನಕದ ನಿರ್ಧಾರ ಯಾರದೇ ಆಗಿರಲಿ, ಅದರ ಹೊರೆ ಬಹುಪಾಲು ಬಿದ್ದದ್ದು ಶೆರ್ಪಾಗಳ ಬೆನ್ನಿಗೆ. 1922ರ ಮೂರನೆಯ ಯತ್ನದಲ್ಲಿ ನಾರ್ತ್ ಕೋಲ್‌ನ ಕೆಳಗೆ ಹಿಮಕುಸಿತಕ್ಕೆ ಸಿಲುಕಿ ಮಡಿದ ಏಳು ಮಂದಿಯೂ ಹೊರೆಯಾಳುಗಳು. 2014ರ ಏಪ್ರಿಲ್ 18ರಂದು ಖುಂಬು ಹಿಮಪ್ರಪಾತದಲ್ಲಿ ಸತ್ತ ಹದಿನಾರು ಮಂದಿಯೂ ಇತರರ ಆರೋಹಣಕ್ಕಾಗಿ ದುಡಿಯುತ್ತಿದ್ದ ನೇಪಾಳಿಗರು. ಸ್ವತಃ ಆಮ್ಲಜನಕವಿಲ್ಲದೆ ಹತ್ತು ಬಾರಿ ಶಿಖರವೇರಿದ ಅಂಗ್ ರೀಟಾ ಶೆರ್ಪಾ ಇದೇ ಸಮುದಾಯದವರು. ಆದ್ದರಿಂದ ಎವರೆಸ್ಟಿನ ಇತಿಹಾಸವನ್ನು ರಚಿಸುವವರು ತುದಿ ಮುಟ್ಟಿದವರ ಪಟ್ಟಿಗೆ ತೃಪ್ತರಾಗದೆ, ಯಾವ ಶಿಬಿರಕ್ಕೆ ಯಾರು ಎಷ್ಟು ಭಾರ ಹೊತ್ತರು, ಯಾವ ಅಪಾಯದಲ್ಲಿ ಹೊತ್ತರು ಎಂಬುದನ್ನೂ ಅದೇ ಶ್ರದ್ಧೆಯಿಂದ ದಾಖಲಿಸುವುದು ನ್ಯಾಯೋಚಿತವಾದ ಕ್ರಮ.